ಒಂಟಿ ಸೀನು

ಅಕ್ಕ, ಆ ಸೀನು ಸುಳ್ಳು. ಅವತ್ತು ನನಗೆ ನೆಗಡಿ ಇರಲಿಲ್ಲ, ಮೂಗಿಗೆ ದೂಳು ಹೋಗಿರಲಿಲ್ಲ — ಬೇಕೆಂದೇ ಸೀನಿದೆ. ಆರು ವರ್ಷದಿಂದ ನಿಮ್ಮ ಎದುರಿಗೇ ಕೂತು ಉಣ್ಣುತ್ತಿದ್ದೇನೆ, ಈ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ನನ್ನ ಕಡೆಯಿಂದ ಅದು ಬೇರೆಯೇ ಇತ್ತು. ಕಪಿಲೆಯ ನಡುಗಡ್ಡೆಯ ಒಂಬತ್ತು ಮನೆಗಳಲ್ಲಿ ನಮ್ಮದೊಂದು. ಅದರಲ್ಲಿ ಹಿರಿಸೊಸೆ ನೀವು, ಕಿರಿಸೊಸೆ ನಾನು. ಸುತ್ತಲ ಯಾವ ಮದುವೆಗೂ ಸೋಬಾನೆಯ ಸೊಲ್ಲು ಎತ್ತಿಕೊಡುವವರು ನೀವೇ, ಉಳಿದವರದು ಹಿಂದಿನಿಂದ ಪಲ್ಲವಿ ಮಾತ್ರ. ಬೆಂಗಳೂರಿನ ದೊಡ್ಡ ವೇದಿಕೆಯಲ್ಲಿ ಹಾಡಲು ಕರೆ ಬಂದಾಗ ಐದೇ ಜನ ಬರಬೇಕೆಂದಿದ್ದರು. ನೀವು ಆಚೆ ದಡದ ಊರಿನ ನಾಲ್ವರನ್ನು ಆರಿಸಿ, ಎಲ್ಲರ ಮುಂದೆಯೇ ಅಂದಿರಿ: "ಸುಸೀಲಾ, ನಿನ್ ದನಿ ಒಸಿ ಮ್ಯಾಕ್ಕೋಯ್ತದೆ ಕಣವ್ವ. ನೀನು ಮನೇಲಿರು."

ಸುಳ್ಳು ಹೇಳಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ. ನಿಜ ಹೇಳಿದಿರಿ — ಅದಕ್ಕೇ ಹೊಟ್ಟೆ ಉರಿಯಿತು. ಸಾಲದ್ದಕ್ಕೆ ನಾನಾಗಲೇ ತಿ. ನರಸೀಪುರದಲ್ಲಿ ಬುಟ್ಟಿ ತೋಳಿನ ರವಿಕೆ ಹೊಲಿಸಿಕೊಂಡು ಬಂದಿದ್ದೆ.

ಬೆಳಿಗ್ಗೆ ಹಾಲಿನ ಕ್ಯಾನುಗಳ ಜೊತೆ ದೋಣಿ ಹತ್ತಬೇಕು, ಸುತ್ತೂರಿನ ತನಕ ನಡೆಯಬೇಕು, ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಬೆಂಗಳೂರಿನ ರೈಲು ಹಿಡಿಯಬೇಕು. ಒಂದು ತಪ್ಪಿದರೆ ಎಲ್ಲವೂ ತಪ್ಪಿತು. ನಮ್ಮ ಮನೆಯಲ್ಲೋ, ಹೊರಡುವ ಹೊತ್ತಿಗೆ ಒಂಟಿ ಸೀನು ಬಿದ್ದರೆ ಒಳಗೆ ಬಂದು ಕೂತು, ನೀರು ಕುಡಿದು, ಗಳಿಗೆ ಬಿಟ್ಟು ಹೊರಡಬೇಕು. ಜೋಡಿ ಸೀನಾದರೆ ಶುಭ. ನಾನು ಕುಟ್ಟಿದ ಕರಿಮೆಣಸಿನ ಪುಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಿಮ್ಮನ್ನು ಕಳಿಸಲು ದಡಕ್ಕೆ ಬಂದೆ.

ನೀವು ದೋಣಿಗೆ ಕಾಲೆತ್ತಿದಿರಿ. ನಾನು ಸೆರಗನ್ನು ಮೂಗಿಗೆ ಹಿಡಿದೆ. ಮೊದಲನೆಯದು ಚೆನ್ನಾಗಿಯೇ ಬಂತು, ಆಚೆ ದಡದ ಕೊಕ್ಕರೆಗಳೂ ಎದ್ದವು. ಆದರೆ ಮೆಣಸು ನನ್ನ ಮಾತು ಕೇಳಬೇಕಲ್ಲ — ಹಿಂದೆಯೇ ಎರಡನೆಯದು ಹೊರಟಿತು! ಅದು ಹೊರಬಿದ್ದರೆ ನಿಮಗೆ ಶುಭಪ್ರಯಾಣ. ಮೂಗು ಹಿಸುಕಿಕೊಂಡೆ, ಬಾಯಿ ಮುಚ್ಚಿಕೊಂಡೆ, ಕಿವಿಯೆರಡೂ ಗುಯ್ಯೆಂದವು, ಕಣ್ಣಲ್ಲಿ ಧಾರಾಕಾರ ನೀರು. ನೀವು ಎತ್ತಿದ ಕಾಲು ಇಳಿಸಿ ಓಡಿ ಬಂದು ತಬ್ಬಿಕೊಂಡಿರಿ. "ಅಳ್ಬ್ಯಾಡ ಕಣವ್ವ, ನಾಳೀಕೆ ಬಂದ್ಬುಡ್ತೀನಿ."

ಆಗಲಾದರೂ ಹೇಳಬಹುದಿತ್ತು. ಬಾಯಿ ಬಿಟ್ಟರೆ ಸೀನು ಬರುತ್ತಿತ್ತು — ಇಲ್ಲ, ಅದು ನೆಪ. ಹೇಳಲು ನನಗೆ ಮನಸ್ಸಿರಲಿಲ್ಲ.

ನೀವು ಮನೆಗೆ ವಾಪಸು ಬಂದು ನೀರು ಕುಡಿದು ಕೂತಿರಿ. "ಆಲು ಕೆಟ್ಟೋಯ್ತದೆ ಕಣಕ್ಕೋ, ನಾ ಕಾಯಕಾಗಕಿಲ್ಲ," ಎಂದು ದೋಣಿ ನಿಂಗಣ್ಣ ಹೊರಟೇಬಿಟ್ಟ. ಅವನು ತಿರುಗಿ ಬಂದು ನಿಮ್ಮನ್ನು ದಾಟಿಸಿ, ನೀವು ನಂಜನಗೂಡು ಸ್ಟೇಷನ್ ಮುಟ್ಟಿದಾಗ ಪ್ಲಾಟ್‌ಫಾರಂ ಮೇಲೆ ಒಂದು ನಾಯಿ ಮಲಗಿತ್ತಂತೆ, ಅಷ್ಟೆ. ಆ ನಾಲ್ವರು ರೈಲಲ್ಲಿ ಹೋಗಿದ್ದರು. ಸೊಲ್ಲು ಎತ್ತಿಕೊಡುವವರಿಲ್ಲದೆ ಅವರು ವೇದಿಕೆಯ ಮೇಲೆ ಬರೀ ಪಲ್ಲವಿಯನ್ನೇ ಕಾಲು ಗಂಟೆ ಹಾಡಿದರು. ಬೆಂಗಳೂರಿನವರು ಇದೇ ಪದ್ಧತಿ ಇರಬೇಕೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೋನಿನಲ್ಲಿ ಅದನ್ನು ನೋಡಿ ನಾನು ಬಿದ್ದು ಬಿದ್ದು ನಕ್ಕೆ. ನೀವೂ ನಕ್ಕಿರಿ, ಆಮೇಲೆ ಎದ್ದು ಕೊಟ್ಟಿಗೆಗೆ ಹೋದಿರಿ.

ನನಗೆ ನೆಗಡಿ ಹತ್ತಿದೆಯೆಂದು ಮೂರು ದಿನ ಹೊತ್ತು ಹೊತ್ತಿಗೆ ಕಷಾಯ ಕಾಸಿಕೊಟ್ಟವರೂ ನೀವೇ. ಅದಕ್ಕೂ ಮೆಣಸು ಹಾಕಿದ್ದಿರಿ. ಲೋಟ ಖಾಲಿ ಮಾಡಿ ಮೂಗು ಒರೆಸಿಕೊಂಡೆ. ನಾಚಿಕೆಗೆಟ್ಟವಳು!

ಅಲ್ಲಿಗೆ ಮುಗಿದಿದ್ದರೆ ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ. ಅವತ್ತಿನಿಂದ ನೀವು ಯಾರ ಮದುವೆಯಲ್ಲೂ ಸೋಬಾನೆ ಎತ್ತಲಿಲ್ಲ. ಯಾರಾದರೂ ಕೇಳಿದರೆ, "ದ್ಯಾವ್ರೇ ಬ್ಯಾಡ ಅಂದ್ಮ್ಯಾಕೆ ನಂದೇನು," ಎನ್ನುತ್ತೀರಿ. ಈಗ ನಿಮ್ಮ ಹಾಡು ಕೇಳುವುದು ಎಮ್ಮೆ ಒಂದೇ, ಅದೂ ಹಾಲು ಕರೆಯುವಾಗ.

ಮೊನ್ನೆ ಬೆಂಗಳೂರಿನವರು ಮತ್ತೆ ಫೋನು ಮಾಡಿದರು. ನೀವು ಒಲ್ಲೆನೆಂದು ಫೋನಿಟ್ಟು, ಪೆಟ್ಟಿಗೆಯಿಂದ ನಿಮ್ಮ ಧಾರೆ ಸೀರೆ ತಂದು ನನ್ನ ತೊಡೆಯ ಮೇಲಿಟ್ಟಿರಿ. "ನಂಗೆ ಆ ಪಯಣ ಆಗ್ಬರಕಿಲ್ಲ. ನನ್ ಜಾಗಕ್ಕೆ ನೀನೋಗು ಕಣವ್ವ. ದನಿ ನಾ ತಿದ್ಕೊಡ್ತೀನಿ." ನಾನು ಸೀರೆ ಮುಟ್ಟಲಾರದೆ ಕೂತಿದ್ದೆ. ಸಂಕೋಚವೆಂದುಕೊಂಡು ನೀವು ನನ್ನ ತಲೆ ನೇವರಿಸಿದಿರಿ.

ನಿಮಗೆ ಓದು ಬರುವುದಿಲ್ಲ. ಅಂಗನವಾಡಿ ಟೀಚರು ನಾನೇ, ನಾನೇ ಓದಿ ಹೇಳಬೇಕು. ನಾಳೆ ಹಾಲು ಕಳಿಸಿದ ಮೇಲೆ ಜಗುಲಿಯಲ್ಲಿ ಕೂರಿಸಿ ಓದುತ್ತೇನೆ, ನಡುವೆ ಎದ್ದು ಹೋಗಬೇಡಿ. ಮುಗಿದ ಮೇಲೆ ಬೈಯಿರಿ, ಮಾತು ಬಿಡಿ, ಒಲೆ ಬೇರೆ ಮಾಡಿ — ಆದರೆ ಬೆಂಗಳೂರಿಗೆ ಫೋನು ಮಾಡಿ ಬರುತ್ತೇನೆಂದು ಹೇಳಿ. ದೇವರು ಬೇಡ ಅನ್ನಲಿಲ್ಲ, ಅಕ್ಕ. ಬೇಡ ಅಂದವಳು ನಾನು.