ಬಾಣಂತಿಗೆ ಶಾರ್ಕ್ ಮರಿ ತರಲು ಹೋದದ್ದು

ನವೆಂಬರ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಏಳು ಗಂಟೆ, ಖಾನಾಪುರ ಬಸ್ ನಿಲ್ದಾಣ. ಹಾಜರಿದ್ದವರು ಮೂವರು: ಬೆಳಗಾವಿಯಿಂದ ಕಾರವಾರದ ಬಸ್ಸಿನಲ್ಲಿ ಬಂದಿದ್ದ ನಾನು, ಅದೇ ಬಸ್ಸಿಗೆ ಹತ್ತಲಿದ್ದ ಪರಶುರಾಮ, ಅವನನ್ನು ಕಳಿಸಲು ಬಂದಿದ್ದ ಅವನ ಹೆಂಡತಿ ಶೇವಂತಾ. ಮಂಜು ಇನ್ನೂ ಕರಗಿರಲಿಲ್ಲ. ಶೇವಂತಾ ಕಿಟಕಿಯಿಂದ ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟಳು.

"ಅಕ್ಕಾರ, ಇವ್ರನ್ನ ನೀರಿಗೆ ಇಳಿಸಬ್ಯಾಡ್ರಿ. ಸಮುದ್ರ ಅಂದ್ರ ಮಲಪ್ರಭಾ ಹೊಳಿ ಅಂತ ತಿಳ್ಕೊಂಡಾರ."

"ನೀರು ಎಲ್ಲಾ ಕಡೆ ನೀರ ಐತಿ," ಎಂದ ಪರಶುರಾಮ, ಗಾಳದ ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು ಹತ್ತುತ್ತ.

ಹೊರಟ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಪರಶುರಾಮನ ಸೊಸೆ ಪ್ರಮೀಳಾ ಕಾರವಾರದ ಕಡೆಯ ಮೀನುಗಾರರ ಮನೆಯ ಹುಡುಗಿ. ತಾಯಿ ಇಲ್ಲದ್ದರಿಂದ ಮೊದಲ ಬಾಣಂತನವೂ ಅತ್ತೆಯ ಮನೆಯಲ್ಲೇ ನಡೆಯುತ್ತಿತ್ತು. ಶೇವಂತಾ ಮಾಡದ ಅಡುಗೆ ಇಲ್ಲ: ಅಂಟಿನ ಉಂಡೆ, ಬೆಳ್ಳುಳ್ಳಿ ಹುರಿದ ತುಪ್ಪದ ಅನ್ನ, ಅಳವಿ ಬೀಜದ ಪಾಯಸ. ಸೊಸೆ ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದಳು. ಹಾಲು ಸಾಲುತ್ತಿರಲಿಲ್ಲ, ಕೂಸಿನ ತೂಕ ನಿಂತಲ್ಲೇ ನಿಂತಿತ್ತು. ನಾನು ಬೆಳಗಾವಿಯಲ್ಲಿ ಬಾಣಂತಿಯರ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಪರಶುರಾಮನ ಮಗ ಹುಟ್ಟಿದ್ದು ನನ್ನ ಕೈಯಲ್ಲೇ, ಆ ಸಲುಗೆಯಿಂದ ವಾರಕ್ಕೊಮ್ಮೆ ಖಾನಾಪುರಕ್ಕೆ ಹೋಗಿ ಕೂಸನ್ನು ತೂಗಿ ನೋಡುತ್ತಿದ್ದೆ. ಮುಂದಿನ ಬುಧವಾರಕ್ಕೆ ತೂಕ ಏರದಿದ್ದರೆ ಡಬ್ಬಿ ಹಾಲು ಶುರು ಮಾಡಬೇಕೆಂದು ಹೇಳಿದ ದಿನ ಪ್ರಮೀಳಾ ಗೋಡೆಯ ಕಡೆ ತಿರುಗಿ ಮಲಗಿದಳು. "ನಿನಗ ಏನ ತಿನಬೇಕು ಅನಸ್ತೈತಿ, ಬಾಯಿಬಿಟ್ಟು ಹೇಳು," ಎಂದೆ. "ಮೊರಿ," ಎಂದಳು.

ಮೊರಿ ಎಂದರೆ ಕೊಂಕಣಿಯಲ್ಲಿ ಶಾರ್ಕ್. ಮರಿ ಮೊರಿಯ ಸಾರು ತಿಂದರೆ ಬಾಣಂತಿಗೆ ಹಾಲು ಬರುತ್ತದೆಂದು ಆ ಕಡೆ ನಂಬುತ್ತಾರೆ. ನಾನು ನಂಬಿದೆನೆಂದಲ್ಲ. ಆದರೆ ತಾಯಿ ಹೊಟ್ಟೆ ತುಂಬ ಉಣ್ಣಬೇಕು ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಬೆಳಗಾವಿಯ ಮೀನು ಮಾರ್ಕೆಟ್ಟಿನಲ್ಲಿ ಸಿಗುವುದು ದೊಡ್ಡ ಶಾರ್ಕಿನ ತುಂಡು, ಎಷ್ಟೋ ದಿನ ಐಸಿನಲ್ಲಿದ್ದದ್ದು. ಈ ಮೀನು ಹಳತಾದರೆ ಅಮೋನಿಯಾ ನಾರುತ್ತದೆ. ಪ್ರಮೀಳಾಳ ಮಾವಶಿ, ಅಂದರೆ ತಾಯಿಯ ತಂಗಿ, ಒಮ್ಮೆ ಬಸ್ಸಿನಲ್ಲಿ ಕಳಿಸಿದ್ದಳು. ಅದು ಖಾನಾಪುರ ಮುಟ್ಟುವಷ್ಟರಲ್ಲಿ ಬಸ್ಸಿನ ಕಿಟಕಿಗಳೆಲ್ಲ ತೆರೆದಿದ್ದವಂತೆ. ತಿಪ್ಪೆಗೆ ಹಾಕಿದರು. ಆಗ ಪರಶುರಾಮ ತಾನೇ ಹಿಡಿದು ತರುವುದಾಗಿ ಎದ್ದ. ಮಲಪ್ರಭೆಯ ದಂಡೆಯಲ್ಲಿ ಗಾಳ ಹಾಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಆದರೆ ಸಮುದ್ರ ಕಂಡವನಲ್ಲ. ಹಿಡಿಯುವುದು ಅವನ ಕೆಲಸ, ಕೆಡದಂತೆ ಮುಟ್ಟಿಸುವುದು ನನ್ನ ಕೆಲಸ ಎಂದು ಹಂಚಿಕೊಂಡೆವು. ಲಸಿಕೆ ಒಯ್ಯಲು ಬಳಸುವಂಥ ನೀಲಿ ಡಬ್ಬಿಯೊಂದನ್ನು ಕೊಂಡು ತಂದಿದ್ದೆ.

ಬೆಳಗಾವಿಯಲ್ಲೇ ನನ್ನ ಆಧಾರ್ ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟಿದ್ದ ಕಂಡಕ್ಟರ್, ಪರಶುರಾಮನಿಂದ ದುಡ್ಡು ಇಸಿದುಕೊಂಡ. "ಮೀನ ಹಿಡ್ಯಾಂವ ನಾ, ಪುಕ್ಕಟ ಹೋಗಾವ್ರು ನೀವು," ಎಂದು ಪರಶುರಾಮ ಗೊಣಗಿದ. ಲೋಂಡಾ ದಾಟಿದ ಮೇಲೆ ಕಾಡು ಎರಡೂ ಬಾಜು ಒತ್ತಿ ಬಂತು. ರಾಮನಗರದಲ್ಲಿ ಚಹಾ ಕುಡಿದೆವು, ಸಕ್ಕರೆ ಜಾಸ್ತಿ. ಜೋಯಿಡಾದ ಆಚೆ ರಸ್ತೆ ತಿರುವುತಿರುವಾಗಿ ಇಳಿಯಿತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ವಾಂತಿ ಮಾಡಿಕೊಂಡಳು, ಅವಳಿಗೆ ನಿಂಬೆಹುಳಿ ಪೆಪ್ಪರ್‌ಮಿಂಟ್ ಕೊಟ್ಟೆ. ಘಾಟ್ ಇಳಿದಂತೆ ಸ್ವೆಟರ್ ಬಿಚ್ಚಬೇಕಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಕಾರವಾರ ತಲುಪಿ, ಅಲ್ಲಿಂದ ರಿಕ್ಷಾದಲ್ಲಿ ಮಾವಶಿಯ ಊರಿಗೆ ಹೋದೆವು. ತಿರುವಿನಲ್ಲಿ ಸಮುದ್ರ ಕಾಣಿಸಿದಾಗ ಪರಶುರಾಮ ರಿಕ್ಷಾ ನಿಲ್ಲಿಸೆಂದ. ಇಳಿದು ಬಹಳ ಹೊತ್ತು ನೋಡಿದ.

"ಆಚಿ ದಂಡಿ ಎಲ್ಲೈತ್ರಿ ಅಕ್ಕಾರ?"

"ಇಲ್ಲೋ ಮಾರಾಯಾ."

"ಹಂಗಾರ ಮೀನ ಎಲ್ಲಿ ನಿಂದ್ರತಾವು ಅಂತ ಹ್ಯಾಂಗ ತಿಳೀಬೇಕು?" ಎಂದ.

ಮಾವಶಿ ಗಿಡ್ಡ, ಗಟ್ಟಿ ಆಸಾಮಿ. ಬೆಳಿಗ್ಗೆ ಕಾರವಾರದ ಪೇಟೆಯಲ್ಲಿ ಮೀನು ಮಾರಿ ಮಧ್ಯಾಹ್ನ ಮನೆಗೆ ಬರುತ್ತಾಳೆ. ನಾನು ಲಿಂಗಾಯತಳು, ಮೀನು ಮುಟ್ಟುವವಳಲ್ಲ ಎಂದು ಯಾರೋ ಹೇಳಿದ್ದರು; ನನಗೆಂದೇ ಬೇರೆ ಪಾತ್ರೆಯಲ್ಲಿ ಹೆಸರುಕಾಳಿನ ಸಾರು, ಅನ್ನ ಮಾಡಿಟ್ಟಿದ್ದಳು. ಬೀಗರ ಗಾಳದ ಡಬ್ಬಿಯನ್ನು ಬಿಚ್ಚಿ ನೋಡಿ ನಕ್ಕಳು.

"ಬೀಗರೇ, ಇದರಲ್ಲಿ ನೀವು ಮೊರಿ ಹಿಡಿಯುವುದೋ, ಮೊರಿಗೆ ತಿಂಡಿ ಕೊಡುವುದೋ?"

ನೈಲಾನ್ ದಾರವನ್ನು ಮೊರಿಯ ಹಲ್ಲು ಕತ್ತರಿಯಂತೆ ಕತ್ತರಿಸುತ್ತದಂತೆ. ಗಾಳಕ್ಕೂ ದಾರಕ್ಕೂ ನಡುವೆ ಒಂದು ಗೇಣು ಉಕ್ಕಿನ ತಂತಿ ಕಟ್ಟಿಕೊಟ್ಟಳು, ಎರೆಗೆ ಬಂಗಡೆ ಮೀನಿನ ತುಂಡು ಕೊಟ್ಟಳು. ದೊಡ್ಡದು ಬಂದರೆ ಬಿಟ್ಟುಬಿಡಿ, ಕೆಲವು ಜಾತಿ ಹಿಡಿದರೆ ಈಗ ಕೇಸು ಆಗ್ತದೆ ಎಂದೂ ಎಚ್ಚರಿಸಿದಳು. ಮೊಳ ಉದ್ದದ ಬೂದು ಮರಿ ಸಾಕು.

ದೋಣಿಗಳು ನಿಲ್ಲುವ ಧಕ್ಕೆ ಮನೆಯಿಂದ ದೂರವಿರಲಿಲ್ಲ. ಕಲ್ಲು, ಸಿಮೆಂಟಿನ ಹಳೆಯ ಕಟ್ಟೆ, ನೀರಿಗೆ ಇಳಿಯುವ ಮೆಟ್ಟಿಲು, ದೋಣಿ ಕಟ್ಟುವ ಕಬ್ಬಿಣದ ಬಳೆಗಳು. ಬಿಸಿಲಿತ್ತು, ಆದರೂ ಗಾಳಿ ತಂಪಾಗಿತ್ತು. ನಾನು ಕೊಡೆ ಬಿಚ್ಚಿ ಕುಳಿತೆ. ಪರಶುರಾಮ ಹೊಳೆಯಲ್ಲಿ ಕೂರುವಂತೆ ಕುಕ್ಕರಗಾಲಲ್ಲಿ ಕೂತು, ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡ. ಮೊದಲು ಏಡಿಗಳು ಎರೆ ಕದ್ದವು. ಆಮೇಲೆ ಮುಳ್ಳುಮುಳ್ಳಾದ ಒಂದು ಮೀನು ಬಂತು, ಬಿಡಿಸಿ ಎಸೆದ. ಬಿಸಿಲು ಇಳಿಯುತ್ತಿದ್ದಂತೆ ದಾರ ಒಮ್ಮೆಲೇ ಬಿಗಿಯಿತು. ಅವನು ಎಳೆದ, ಬಿಟ್ಟ, ಮತ್ತೆ ಎಳೆದ. ಮೆಟ್ಟಿಲ ಮೇಲೆ ಬಂದು ಬಿದ್ದದ್ದು ಮೊಳ ಉದ್ದದ ಬೂದು ಬಣ್ಣದ ಮರಿ, ಹೊಟ್ಟೆ ಬಿಳಿ, ಕಣ್ಣು ಹಸಿರು. ಪರಶುರಾಮ ಅದರ ಪಕ್ಕ ಕೂತು, "ಬಾ ನಮ್ಮವ್ವ," ಎಂದ.

ತಪ್ಪು ನಡೆದದ್ದು ಇಲ್ಲೇ. ಹೊಳೆಯಲ್ಲಿ ಹಿಡಿದ ಮೀನನ್ನು ಕಿವಿರಿನಲ್ಲಿ ಹುರಿ ಪೋಣಿಸಿ ದಂಡೆಯ ಗೂಟಕ್ಕೆ ಕಟ್ಟಿ ನೀರಿನಲ್ಲೇ ಬಿಡುತ್ತಾರೆ, ಮನೆಗೆ ಹೋಗುವವರೆಗೆ ತಾಜಾ ಇರಲೆಂದು. ಪರಶುರಾಮ ಗೂಟದ ಬದಲು ಕಬ್ಬಿಣದ ಬಳೆಗೆ ಕಟ್ಟಿ ಅದನ್ನೇ ಮಾಡಿದ. ನಾನೂ ತಲೆಯಾಡಿಸಿದೆ, ಯಾಕೆಂದರೆ ಐಸು ತುಂಬಿದ ಡಬ್ಬಿ ಮಾವಶಿಯ ಮನೆಯಲ್ಲಿತ್ತು, ತರುವ ತನಕ ತಣ್ಣೀರಿನಲ್ಲಿರುವುದೇ ಒಳ್ಳೆಯದೆನಿಸಿತು. ಇಬ್ಬರೂ ಡಬ್ಬಿ ತರಲು ಹೋದೆವು. ಮಾವಶಿ ಚಹಾಕ್ಕೆ ಕೂರಿಸಿದಳು. ಖುಷಿಯಲ್ಲಿ ಪರಶುರಾಮ ಎರಡನೇ ಕಪ್ಪೂ ಕುಡಿದ.

ತಿರುಗಿ ಬಂದಾಗ ಮೆಟ್ಟಿಲುಗಳು ನೀರಿನಡಿ ಹೋಗಿದ್ದವು. ಪರಶುರಾಮ ಆಕಾಶ ನೋಡಿದ.

"ಮಳಿ ಎಲ್ಲ್ಯಾತ್ರಿ? ನೀರ ಹ್ಯಾಂಗ ಏರ್ತು?"

ಮಳೆಯಿಂದಲೇ ನೀರು ಏರುವುದನ್ನು ಕಂಡ ಮನುಷ್ಯ ಅವನು. ಸಮುದ್ರಕ್ಕೆ ಭರತ ಬಂದು ನೀರು ಏರುತ್ತದೆಂದು ನನಗಾದರೂ ಗೊತ್ತಿತ್ತು, ಆದರೆ ನಾನೂ ಯೋಚಿಸಿರಲಿಲ್ಲ. ಅವನು ಬಳೆಯಿಂದ ಹುರಿ ಎಳೆದ. ಹಗುರಾಗಿ ಬಂತು. ತುದಿಯಲ್ಲಿ ತಲೆ ಮಾತ್ರ ಇತ್ತು, ಅದರ ಹಿಂದೆ ಅರ್ಧ ಚಂದ್ರದಂತೆ ನೀಟಾಗಿ ಕಚ್ಚಿದ ಗುರುತು.

ಹಿಂದೆಯೇ ಬಂದ ಮಾವಶಿ ಬಗ್ಗಿ ನೋಡಿದಳು. "ಇದರ ಅಣ್ಣನೇ ತಿಂದು ಹೋಗಿದ್ದಾನೆ ಬೀಗರೇ. ಇಲ್ಲಿ ಕಟ್ಟಿ ಬಿಟ್ಟರೆ ತಾಟು ಹಾಕಿ ಬಡಿಸಿದ ಹಾಗೆ."

ಪರಶುರಾಮ ನಗಲಿಲ್ಲ. ತಲೆಯನ್ನು ಕೈಯಲ್ಲೇ ಹಿಡಿದು ಕೂತ. "ಆ ಹುಡುಗಿ ನಮ್ಮ ಮನ್ಯಾಗ ಏನೂ ಕೇಳಿದಾಕಿ ಅಲ್ರಿ ಅಕ್ಕಾರ. ಮದವಿಯಾದಾಗಿಂದ ಇದೊಂದ ಕೇಳ್ಯಾಳ."

ಮರುದಿನ ಬೆಳಗಿನ ಮೊದಲ ಬಸ್ಸಿಗೆ ತಿರುಗುವುದೆಂದು ನಾನು ಗೊತ್ತುಮಾಡಿದ್ದೆ. ಗೊತ್ತುಮಾಡಿದ ಹೊತ್ತನ್ನು ನಾನು ಬದಲಿಸುವವಳಲ್ಲ, ವಾರ್ಡಿನಲ್ಲಿ ಅದಕ್ಕಾಗಿ ಎಷ್ಟೋ ಹುಡುಗಿಯರು ನನ್ನನ್ನು ಬೈದುಕೊಂಡಿದ್ದಾರೆ. "ಮೊದಲನೇ ಬಸ್ ಹೋಗ್ಲಿ," ಎಂದೆ. ಪರಶುರಾಮ ನನ್ನ ಮುಖವನ್ನೇ ನೋಡಿದ.

ರಾತ್ರಿ ಊಟವಾದ ಮೇಲೆ ಮಾವಶಿ ಮೊರಿಯನ್ನು ಕೆಡದಂತೆ ಇಡುವ ಕ್ರಮ ಹೇಳಿದಳು. ಹಿಡಿದ ಕೂಡಲೇ ಅದರ ರಕ್ತ ಬಸಿಯಬೇಕು, ಹೊಟ್ಟೆ ಸೀಳಿ ಎಲ್ಲ ತೆಗೆಯಬೇಕು, ಸಮುದ್ರದ ನೀರಿನಲ್ಲಿ ತೊಳೆದು ಐಸಿಗೆ ಹಾಕಬೇಕು. ತಾನು ನಸುಕಿಗೇ ಪೇಟೆಗೆ ಹೋಗಬೇಕಾದ್ದರಿಂದ ಕತ್ತಿಯನ್ನು ಬಾಗಿಲ ಬಳಿ ಇಟ್ಟು ಮಲಗಿದಳು.

ಭಾನುವಾರ ಬೆಳಕು ಹರಿಯುವಾಗ ಧಕ್ಕೆಯ ಮೇಲೆ ನಾವಿಬ್ಬರೇ. ನೀರು ಆಗಷ್ಟೇ ಏರತೊಡಗಿತ್ತು. ಈ ಸಲ ಡಬ್ಬಿ ನನ್ನ ಕಾಲ ಬಳಿಯೇ ಇತ್ತು. ಬಹಳ ಹೊತ್ತು ಏನೂ ಸಿಗಲಿಲ್ಲ. ಮೇಲೆ ರಸ್ತೆಯಲ್ಲಿ ಪೇಟೆಗೆ ಹೋಗುವ ರಿಕ್ಷಾಗಳ ಸದ್ದು ಶುರುವಾಯಿತು. ಎರೆ ಮುಗಿಯುತ್ತ ಬಂದಿತ್ತು. ಪರಶುರಾಮ ದಾರವನ್ನು ಕೈಗೆ ಸುತ್ತಿಕೊಂಡಿದ್ದ, ಸುತ್ತಬೇಡವೆಂದು ನಾನು ಹೇಳುವಷ್ಟರಲ್ಲಿ ಎಳೆತ ಬಂತು. ಮೀನು ಓಡಿತು. ದಾರ ಅಂಗೈಯಲ್ಲಿ ಇಳಿಯಿತು. ಅವನು ಬಿಡಲಿಲ್ಲ, ಮೇಲಕ್ಕೆ ತಂದು ಹಾಕಿ, ಕತ್ತಿ ಹಿಡಿಯಲು ಹೋದಾಗಲೇ ನಮಗೆ ಗೊತ್ತಾದದ್ದು ಗಾಯ ಎಷ್ಟು ಆಳವೆಂದು.

ಗಾಯ ತೊಳೆದು, ಒತ್ತಿ ಹಿಡಿದು, ಪಟ್ಟಿ ಕಟ್ಟಿದೆ. ಮೀನು ಸಿಮೆಂಟಿನ ಮೇಲೆ ಬಾಲ ಬಡಿಯುತ್ತಿತ್ತು. ಅದು ನಿನ್ನೆಯದಕ್ಕಿಂತ ಸ್ವಲ್ಪ ದೊಡ್ಡದು. ನಾನು ಚೀಲದಿಂದ ಕೈಗವಸು ತೆಗೆದೆ.

"ಅಕ್ಕಾರ, ನೀವು ಬ್ಯಾಡ್ರಿ. ಕೊರಳಾಗ ಲಿಂಗ ಐತಿ ನಿಮಗ."

"ಐತಿ. ಹೆರಿಗಿ ಮಾಡ್ಸುವಾಗೂ ಇತ್ತು. ಬಾಲ ಗಟ್ಟಿ ಹಿಡಿ, ಎಡಗೈ ಛಲೋ ಐತೆಲ್ಲ."

ಲಿಂಗವನ್ನು ರವಿಕೆಯೊಳಗೆ ಸೇರಿಸಿ, ಸೆರಗು ಸಿಕ್ಕಿಸಿ ಕೂತೆ. ಮೊದಲು ಕಿವಿರು, ಆಮೇಲೆ ಹೊಟ್ಟೆ. ಚರ್ಮ ಉಸುಕಿನ ಕಾಗದದಂತೆ ಒರಟಾಗಿತ್ತು, ಕೈಗವಸು ಹರಿಯಿತು, ಇನ್ನೊಂದು ಹಾಕಿಕೊಂಡೆ. ಒಳಗಿನದೆಲ್ಲ ಇರಬೇಕಾದ ಜಾಗದಲ್ಲಿ ಅಚ್ಚುಕಟ್ಟಾಗಿತ್ತು. ಅದನ್ನು ಕಂಡು ನನಗೆ ಅಸಹ್ಯವಾಗಲಿಲ್ಲ, ಒಂದು ರೀತಿಯ ಗೌರವವೇ ಬಂತು. ಪರಶುರಾಮ ಮುಖ ತಿರುಗಿಸಿ ಕೂತಿದ್ದ. "ಮೀನ ಹಿಡ್ಯಾಂವ ನೀನ ಏನ?" ಎಂದೆ. "ಕೊಯ್ಯೋದು ಮನ್ಯಾಗ ಹೆಂಗಸರ ಕೆಲಸ್ರಿ," ಎಂದ ಮೆಲ್ಲಗೆ. ತೊಳೆದು, ಐಸಿನಲ್ಲಿ ಹುಗಿದು, ಡಬ್ಬಿಯ ಚಿಲಕ ಹಾಕಿದೆವು. ನಾನು ಮಾವಶಿಯ ಬಚ್ಚಲಲ್ಲಿ ಸ್ನಾನ ಮಾಡಿ, ಪೂಜೆ ಮುಗಿಸಿಯೇ ಹೊರಟೆ.

ಎರಡನೆಯ ಬಸ್ಸು ತುಂಬಿತ್ತು. ಡಬ್ಬಿಯನ್ನು ನನ್ನ ಕಾಲುಗಳ ನಡುವೆ ಇಟ್ಟುಕೊಂಡು ಘಾಟ್ ಹತ್ತಿದೆ. ಕದ್ರಾದಲ್ಲೂ ರಾಮನಗರದಲ್ಲೂ ಐಸು ಬದಲಿಸಿದೆವು, ರಾಮನಗರದ ಐಸ್‌ಕ್ಯಾಂಡಿ ಅಂಗಡಿಯವನು ಒಳಗೇನಿದೆ ಎಂದು ಕೇಳಿದ್ದಕ್ಕೆ ಪರಶುರಾಮ, "ಔಷಧ," ಎಂದ. ಯಾರೂ ಕಿಟಕಿ ತೆರೆಯಲಿಲ್ಲ.

ಖಾನಾಪುರದಲ್ಲಿ ಇಳಿದಾಗ ಬಿಸಿಲು ಹೊಲಗಳ ಮೇಲೆ ಅಡ್ಡ ಬಿದ್ದಿತ್ತು, ಭತ್ತ ಕೊಯ್ದ ಗದ್ದೆಗಳಲ್ಲಿ ದನ ಮೇಯುತ್ತಿದ್ದವು. ಮನೆಯಲ್ಲಿ ಡಬ್ಬಿಯನ್ನು ನೇರವಾಗಿ ಬಾಣಂತಿಯ ಕೋಣೆಗೆ ಒಯ್ದೆ. ಪ್ರಮೀಳಾ ಎದ್ದು ಕೂತಳು. ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದು ಮೂಸಿದಳು. ಬಾಗಿಲಲ್ಲಿ ಮಾವ, ಅವನ ಹಿಂದೆ ಅತ್ತೆ, ಇಬ್ಬರೂ ನಿಂತಿದ್ದರು.

"ವಾಸನಿ ಇಲ್ಲ," ಎಂದಳು. ಆಮೇಲೆ ಮೀನನ್ನು ತಿರುವಿ ನೋಡಿ, "ಇದನ್ನ ಕೊಯ್ದಾವ್ರು ಯಾರು?"

"ಅಕ್ಕಾರು," ಎಂದ ಪರಶುರಾಮ.

"ಅದಕ್ಕ ಆಪರೇಶನ್ ಆದಂಗ ಕಾಣಸ್ತೈತಿ. ಹೊಲಿಗಿ ಹಾಕೋದೊಂದ ಬಿಟ್ಟೀರಿ," ಎಂದು ನಕ್ಕಳು. ಆ ಹುಡುಗಿಗೆ ನಗು ಬರುತ್ತದೆಂದು ಅವತ್ತೇ ನನಗೆ ಗೊತ್ತಾದದ್ದು.

ಬಾಣಂತಿ ಒಲೆಯ ಮುಂದೆ ಬರುವಂತಿಲ್ಲ. ಹೊಸ್ತಿಲ ಆಚೆ ಮಣೆ ಹಾಕಿ ಕೂತು ಅತ್ತೆಗೆ ಹೇಳಿಕೊಟ್ಟಳು: ಬಿಸಿನೀರು ಸುರಿದು ಚರ್ಮದ ಮರಳು ಕೆರೆಯಬೇಕು, ಕೊತ್ತಂಬರಿ ಬೀಜ, ಕಾಳುಮೆಣಸು, ಬೆಳ್ಳುಳ್ಳಿ ಅರೆಯಬೇಕು, ಹುಳಿಗೆ ಎರಡೇ ಕೋಕಂ ಸಿಪ್ಪೆ. ಶೇವಂತಾ ಮೂವತ್ತು ವರ್ಷದ ಅಡುಗೆ ಮರೆತವಳಂತೆ, "ಇಷ್ಟು ಸಾಕಾ? ಇನ್ನಾ ಅರೀಬೇಕಾ?" ಎಂದು ಪ್ರತಿಯೊಂದಕ್ಕೂ ಕೇಳಿದಳು. "ಅತ್ತಿ, ಬೆಳ್ಳುಳ್ಳಿ ನಿಮ್ಮ ಅಳತಿಲೇ ಹಾಕ್ರಿ, ಅದು ಛಲೋ ಇರ್ತೈತಿ," ಎಂದಳು ಸೊಸೆ. ಶೇವಂತಾ ಸೆರಗಿನಿಂದ ಮೂಗು ಒರೆಸಿಕೊಂಡಳು, ಒಲೆಯ ಹೊಗೆ ಎಂದಳು.

ಪ್ರಮೀಳಾ ಬಿಸಿ ಅನ್ನಕ್ಕೆ ಸಾರು ಹಾಕಿಸಿಕೊಂಡು ತಲೆ ಎತ್ತದೆ ಉಂಡಳು. ಮತ್ತೊಮ್ಮೆ ಬಡಿಸಿಕೊಂಡಳು. ಪರಶುರಾಮ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಹಿಡಿದು, ಕೂಸನ್ನು ಇನ್ನೊಂದು ತೋಳಿನಲ್ಲಿ ತೂಗುತ್ತ ಅಂಗಳದಲ್ಲಿ ಓಡಾಡಿದ. ಬುಧವಾರ ತೂಕದ ಮುಳ್ಳು ಏನು ಹೇಳುತ್ತದೆಂದು ಹೇಳುವ ಧೈರ್ಯ ನನಗಿಲ್ಲ, ಒಂದು ಊಟ ಒಂದೇ ಊಟ. ಆದರೂ ನಾನು ಬೆಳಗಾವಿಯ ಕೊನೆಯ ಬಸ್ಸಿಗೆ ಹೋಗದೆ ಅಲ್ಲೇ ಉಳಿದೆ. ಪಾತ್ರೆಗಳನ್ನು ಹಿತ್ತಲಿಗೆ ಒಯ್ಯುತ್ತಿದ್ದಾಗ ಒಳಗಿನಿಂದ ಪ್ರಮೀಳಾಳ ಕೂಗು ಬಂತು: "ಅಕ್ಕಾರ, ಸಾರಿನ ಪಾತ್ರಿ ತೊಳೀಬ್ಯಾಡ್ರಿ. ಅದರಾಗ ಒಂದ ಮುಟಗಿ ಅನ್ನ ಹಾಕಿ ಒರಸಿ ಕೊಡ್ರಿ."

ಹಾಗೆಯೇ ಮಾಡಿ ಕೊಟ್ಟೆ. ಅದೂ ಮುಗಿದ ಮೇಲೆ ಪಾತ್ರೆಯನ್ನು ಬೂದಿ ಹಚ್ಚಿ ತಿಕ್ಕಿದೆ. ತಿಕ್ಕಲು ಹೆಚ್ಚೇನೂ ಉಳಿದಿರಲಿಲ್ಲ. ಬೋರಲು ಹಾಕಿ, ಕೈ ಒರೆಸಿಕೊಂಡು, ಹಿತ್ತಲ ದೀಪ ಆರಿಸಿದೆ.