ಅಕಾಸ್ಟಣ್ಣ
ನಮ್ಮ ಸ್ಟೋರ್ಸ್ ಗುಮಾಸ್ತನಿಗೆ ಆಫೀಸಿನಲ್ಲಿ ಅಕಾಸ್ಟಣ್ಣ ಎಂದೇ ಹೆಸರು. ಎದುರಿಗೆ ಹೋಗಿ, ದಾರಿಗೆ ಅಡ್ಡ ನಿಂತು, ಕೇಳಬೇಕಾದ್ದನ್ನು ಕೇಳಿಯೇ ಬಿಡುವುದಕ್ಕೆ ಅವನು ಎಲ್ಲಿಂದಲೋ ಹೆಕ್ಕಿ ತಂದ ಇಂಗ್ಲಿಷ್ ಮಾತು ‘ಅಕಾಸ್ಟ್’. “ಮ್ಯಾನೇಜರನ್ನ ಮೆಟ್ಟಿಲಲ್ಲೇ ಅಕಾಸ್ಟ್ ಮಾಡ್ದೆ ಕಣಯ್ಯ, ಫ್ಯಾನ್ ಬಂತು!” ಎನ್ನುತ್ತಾನೆ, ಅದರ ಗಾಳಿ ನನ್ನ ಮೇಜಿನ ತನಕ ಬಂದರೆ ಕೇಳಿ. ಮನೆ ಓನರನ್ನು ಅಕಾಸ್ಟ್ ಮಾಡಿ ಗೋಡೆಗೆಲ್ಲ ಬಣ್ಣ ಹೊಡೆಸಿಕೊಂಡ. ಅದನ್ನು ನೋಡಿ ಬಂದ ನನ್ನ ಹೆಂಡತಿ, “ನಿಮಗೂ ಬಾಯಿ ಅಂತ ಒಂದಿದೆಯಲ್ಲ, ಬರೀ ಉಣ್ಣೋಕಾ?” ಎಂದಳು. ಬಿಟ್ಟರೆ ಯಮನನ್ನೂ ಹೊಸ್ತಿಲಲ್ಲೇ ಅಕಾಸ್ಟ್ ಮಾಡಿ ವಾಪಸು ಕಳಿಸುವ ಆಸಾಮಿ! ಹುಟ್ಟಿನಿಂದಲೇ ಹೆದರಿಕೆ ಎಂದರೇನೆಂದು ಗೊತ್ತಿಲ್ಲದವನು, ನಮ್ಮ ಹಣೆಯಲ್ಲಿ ಅಂಥ ಧೈರ್ಯ ಬರೆದಿಲ್ಲ ಎಂದುಕೊಂಡು ನಾನು ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುತ್ತಿದ್ದೆ. ನಿನ್ನೆ ಮ್ಯಾನೇಜರ ಕೋಣೆಯ ಹೊರಗೆ ಅವನೊಬ್ಬನೇ ನಿಂತಿದ್ದ. ಬಾಗಿಲು ತಟ್ಟಲು ಎತ್ತಿದ ಕೈ ಗಡಗಡ ನಡುಗುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಹಾಗೇ ತಟ್ಟಿ, ಒಳಗೆ ಹೋದ. ಅವನಿಗೂ ನನ್ನಷ್ಟೇ ಹೆದರಿಕೆ ಎಂದು ತಿಳಿದ ಮೇಲೆ ಹೊಟ್ಟೆ ಇನ್ನೂ ಜೋರಾಗಿ ಉರಿಯುತ್ತಿದೆ. ಅಲ್ಲಿ ನಿಂತು ನೋಡುತ್ತಿದ್ದಾಗ ನನ್ನ ಎರಡೂ ಕೈಗಳು ಜೇಬಿನಲ್ಲಿ ಬೆಚ್ಚಗಿದ್ದವು.