ಒಡೆಯದ ತಾಯಿನೌಕೆ

ನನ್ನ ತಮ್ಮ ಕಲ್ಲೆದೆಯವನು. ಒಡಹುಟ್ಟಿದವನೆಂದು ಇದನ್ನು ಮೆತ್ತಗೆ ಮಾಡಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಗೇಮ್ ಅಂಗಡಿಗಳಲ್ಲಿ ಬೀರುವಿನಷ್ಟು ದೊಡ್ಡ ಯಂತ್ರಗಳಿದ್ದ ಕಾಲ. ಅವುಗಳಲ್ಲಿನ ಗುಂಡು ಹಾರಿಸುವ ಆಟಗಳನ್ನು, ಟಿವಿಗೆ ಸಿಕ್ಕಿಸುವ ಪುಟ್ಟ ಮನೆ ಕಂಪ್ಯೂಟರಿಗೆ ಇಳಿಸುವುದು ಅವನ ಕೆಲಸ. ಮೂಲ ಆಟ ಮಾಡಿದವರು ಏನನ್ನೂ ಕೊಡುತ್ತಿರಲಿಲ್ಲ. ನೋಡಿ ನೋಡಿಯೇ ಕಲಿಯಬೇಕು. ಎಲ್ಲರೂ ಬದುಕಲು ನಾಣ್ಯ ಹಾಕಿದರೆ ಇವನು ಸಾಯಲು ಹಾಕುತ್ತಿದ್ದ, ಶತ್ರು ಎಲ್ಲಿಂದ ಬಂದು ಹೇಗೆ ಎರಗುತ್ತಾನೆಂದು ತಿಳಿಯಲು. ಆದರೆ ಆ ಬಾರಿಯ ಆಟದ ಕೊನೆಯ ಹಂತ, ಶತ್ರುಗಳ ತಾಯಿನೌಕೆ ಚೂರುಚೂರಾಗುವ ದೃಶ್ಯ, ಅವನಿಗೆ ಎಟುಕಲೇ ಇಲ್ಲ. ಅಲ್ಲಿಗೆ ಮುಟ್ಟುತ್ತಿದ್ದವಳು ಅವನ ಹೆಂಡತಿ. ಅವಳು ಆಡುವಳು, ಇವನು ಪಕ್ಕದಲ್ಲಿ ನಿಂತು ಚೌಕಳಿ ಹಾಳೆಯ ಮೇಲೆ ಚೂರುಗಳನ್ನು ಬಿಡಿಸಿಕೊಳ್ಳುವನು.

"ರೀ, ಬೇಗ ಬರ್ಕೊಳ್ಳಿ. ಗಂಡನಿಗೋಸ್ಕರ ಎಷ್ಟು ಸಲ ಲೋಕ ಉಳಿಸ್ಲಿ ನಾನು?" ಎಂದು ನಗುತ್ತಿದ್ದಳು.

ಆ ಆಟ ಇಳಿಸುವ ಕೆಲಸ ಅರ್ಧವಾಗಿದ್ದಾಗ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ನೋಡಿಕೊಳ್ಳಲು ನಾನು ಬಂದು ಅವರ ಮನೆಯಲ್ಲಿ ಉಳಿದೆ. ಇವನಿಗೆ ಕೆಲಸ ನಿಲ್ಲಿಸುವಂತಿರಲಿಲ್ಲ. ಹಿಂದಿನ ಆಟ ಮಣ್ಣುಮುಕ್ಕಿತ್ತು; ಈ ಬಾರಿ ತಾಯಿನೌಕೆ ಒಡೆಯದಿದ್ದರೆ ಮನೆಗೆ ಹೋಗು ಎಂದಿದ್ದ ಕಂಪನಿಯ ಮಾಲೀಕ. ಪುಟ್ಟ ಯಂತ್ರದ ಮೆಮೊರಿಯಲ್ಲಿ ಸಾಸಿವೆ ಇಡಲೂ ಜಾಗವಿಲ್ಲ. ನಕ್ಷತ್ರಗಳನ್ನು ತೆಗೆದ, ಸಂಗೀತ ತೆಗೆದ, ಹೇಗೋ ಆ ಚೂರುಗಳನ್ನು ತುರುಕಿದ. ಪರೀಕ್ಷಿಸಲು ಹೆಂಡತಿಯನ್ನೇ ಕೂರಿಸಿದ.

ಕೀಲಿಮಣೆಯಲ್ಲಿ ನೌಕೆ ಓಡಿಸುವ ಕೀಲಿಗಳು ಎಡಕ್ಕೆ, ಗುಂಡಿನದು ಬಲಕ್ಕೆ. ಅವಳ ಬಲಗೈ ತೊಡೆಯ ಮೇಲೆ ಮರದ ತುಂಡಿನಂತೆ ಬಿದ್ದಿತ್ತು. ಮೊದಲ ಹಂತದಲ್ಲೇ ಸತ್ತಳು. ಮತ್ತೆ ಸತ್ತಳು.

"ಏಳು, ಏಳು. ಇನ್ನು ನಿನ್ ಕೈಲಿ ಆಗಲ್ಲ," ಎಂದ ತಮ್ಮ.

"ಎಲುಬಿಲ್ಲದ ನಾಲಿಗೆ ಅಂತ ಹೇಗೆ ಬೇಕೋ ಹಾಗೆ ಹೊರಳಿಸ್ತೀಯೇನೋ?" ಎಂದೆ.

"ಸುಮ್ನಿರಕ್ಕ. ಕೆಲಸ ಹೋದ್ರೆ ನಮ್ಮನ್ನ ನೀನು ಸಾಕ್ತೀಯಾ?"

"ಬಿಡಿ ಅತ್ತಿಗೆ. ಅವ್ರು ಹೇಳಿದ್ರಲ್ಲಿ ಸುಳ್ಳೇನಿದೆ?" ಎಂದು ಅವಳು ಗೋಡೆ ಹಿಡಿದು ಎದ್ದಳು.

ಆಮೇಲೆ ಅವಳು ಆ ಕೋಣೆಗೆ ಕಾಲಿಡಲಿಲ್ಲ. ಕೈಗೆ ಹೇಳಿಕೊಟ್ಟ ವ್ಯಾಯಾಮವನ್ನೂ ಬಿಟ್ಟಳು. ನಾನು ತುತ್ತು ಬಾಯಿಗಿಟ್ಟರೆ ಮುಖ ತಿರುಗಿಸುವಳು. ಇವನು ಬಾಗಿಲು ಹಾಕಿಕೊಂಡು ಕೀಲಿ ಕುಟ್ಟುತ್ತಲೇ ಇದ್ದ. ಹೆಂಡತಿ ಕಣ್ಣೆದುರೇ ಕರಗುತ್ತಿದ್ದರೂ ಇವನಿಗೆ ತನ್ನ ಆಟದ್ದೇ ಚಿಂತೆ ಎಂದುಕೊಂಡೆ.

ಆಟ ತುಂಬಿದ ಕ್ಯಾಸೆಟ್ಟನ್ನು ಮಾಲೀಕನಿಗೆ ಒಪ್ಪಿಸಿದ ದಿನವೇ ಕೆಲಸ ಹೋಯಿತು. ಮಧ್ಯಾಹ್ನ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ತಾಯಿನೌಕೆ ಒಡೆಯಲ್ಲ, ದೀಪ ಆರಿದ ಹಾಗೆ ಮಾಯ ಆಗುತ್ತೆ ಅಂತ ಉಗಿದ್ರು," ಎಂದ.

"ತುರುಕಿದ್ದೆಯಲ್ಲೋ ಆ ಚೂರುಗಳನ್ನ?"

"ತೆಗ್ದೆ. ಜಾಗ ಬೇಕಿತ್ತು."

"ಅದಕ್ಕಿಂತ ದೊಡ್ಡದು ಇನ್ನೇನಿತ್ತು ನಿನಗೆ?"

ಅವನು ಕಂಪ್ಯೂಟರನ್ನೂ ಟಿವಿಯನ್ನೂ ಹೆಂಡತಿಯ ಮಂಚದ ಬಳಿಗೆ ಹೊತ್ತೊಯ್ದು ಅದೇ ಆಟದ ಕ್ಯಾಸೆಟ್ ಹಾಕಿದ. ಪರದೆಯ ಮೇಲೆ ಮೊದಲಿಗೆ ಒಂದು ಪ್ರಶ್ನೆ ಮೂಡಿತು: ಎರಡು ಕೈಯೋ, ಒಂದು ಕೈಯೋ? ಅವನು 'ಒಂದು' ಎಂದು ಒತ್ತಿದ. ಶತ್ರುಗಳು ನಿಧಾನವಾಗಿ ಇಳಿಯತೊಡಗಿದರು. ಗುಂಡು ತಾನಾಗಿಯೇ ಹಾರುತ್ತಿತ್ತು.

ಅವಳು ಮುಟ್ಟಲಿಲ್ಲ. ಅವನು ಅವಳ ಎಡಗೈಯನ್ನು ಎತ್ತಿ ಕೀಲಿಗಳ ಮೇಲಿಟ್ಟ.

"ಆಡು," ಎಂದ. ದನಿ ಎಂದಿನಂತೆ ಒರಟಾಗಿಯೇ ಇತ್ತು.